ಕೂತವರು ಯಾರು, ಮಲಗಿದವರು ಯಾರು

ಉಸ್ಮಾನ ಮಿಯಾನಿಗೆ ಕಸುಬು ಎರಡು: ಹೂಳುವುದು ಮತ್ತು ಹೇಳುವುದು. ಬೀದರದಿಂದ ಮೈಲೂರಿಗೆ ಹೋಗುವ ಹಾದಿಯಲ್ಲಿ ಮುಸಲ್ಮಾನರ ಕಬರಸ್ತಾನವೂ ಲಿಂಗಾಯತರ ರುದ್ರಭೂಮಿಯೂ ಬೆನ್ನಿಗೆ ಬೆನ್ನು ಹಚ್ಚಿಕೊಂಡಿದ್ದವು. ನಡುವೆ ಕತ್ತಾಳೆ ಬೇಲಿ, ಬೇಲಿಯಲ್ಲಿ ಆಡು ನುಸುಳುವಷ್ಟು ಒಂದು ಕಿಂಡಿ. ಆಡುಗಳನ್ನು ಬಿಟ್ಟರೆ ಆ ಕಿಂಡಿಯನ್ನು ಹೆಚ್ಚು ಬಳಸಿದವನು ಉಸ್ಮಾನ ಮಿಯಾನೇ. ಕಬರಸ್ತಾನದ ಕಡೆಯವರನ್ನು ಮಲಗಿಸಬೇಕು, ಮುಖ ಪಶ್ಚಿಮಕ್ಕೆ. ರುದ್ರಭೂಮಿಯ ಕಡೆಯವರನ್ನು ಕೂರಿಸಬೇಕು, ಕೈಯಲ್ಲಿ ಇಷ್ಟಲಿಂಗ. ಮಲಗುವವರಿಗೆ ಉದ್ದನೆಯ ಗೋರಿ, ಕೂರುವವರಿಗೆ ಎದೆಮಟ್ಟದ ಚೌಕ ಕುಣಿ. ಇಷ್ಟು ವರ್ಷ ಕುಣಿಯಲ್ಲೇ ಕಳೆದರೂ ಮಿಯಾ ಒಂದು ದಿನ ಕುಣಿದದ್ದು ಕಾಣೆವು ಎಂದು ಮೈಲೂರಿನವರು ಚೇಷ್ಟೆ ಮಾಡುತ್ತಿದ್ದರು.

ಅವನು ಹುಟ್ಟಿದ್ದು ಬಗದಲಿನಲ್ಲಿ, ಗೋರಿ ತೋಡುವವನ ಮಗನಾಗಿ. ಲಿಂಗಾಯತರ ಕುಣಿ ತೋಡಲು ಬೇರೆ ಮನುಷ್ಯನಿದ್ದ, ಮಡೆಪ್ಪನೆಂದು. ಇಬ್ಬರೂ ಬೇಲಿಯ ಎರಡು ಕಡೆ ನಿಂತು ಬೀಡಿ ಹಂಚಿಕೊಳ್ಳುತ್ತಿದ್ದರು, ಕೆಂಪು ಮುರಮಿನ ಗಟ್ಟಿತನಕ್ಕೆ ಸೇರಿಯೇ ಶಾಪ ಹಾಕುತ್ತಿದ್ದರು. ಇಂಗ್ರೇಜಿ ೧೯೧೮ರಲ್ಲಿ ಬಂದ ಬುಖಾರು, ಆ ಮಾರಿ ಜ್ವರ, ಊರಿಗೆ ಊರೇ ಒರೆಸಿಕೊಂಡು ಹೋಯಿತಲ್ಲ, ಆಗ ಮಡೆಪ್ಪ ಒಂದೇ ದಿನ ಒಂಬತ್ತು ಕುಣಿ ತೋಡಿ, ಹತ್ತನೆಯದರಲ್ಲಿ ತಾನೇ ಕೂತ. ಆ ಹತ್ತನೆಯದನ್ನು ತೋಡಿದವನು ಉಸ್ಮಾನ ಮಿಯಾ. ಅಂದಿನಿಂದ ಎರಡೂ ಕಡೆಯ ಜವಾಬ್ದಾರಿ ಅವನದಾಯಿತು.

ಹೇಳುವ ಕಸುಬು ಮಾತ್ರ ಅವನ ಸ್ವಂತದ್ದು. ಯಾವ ಮಣ್ಣಿನ ಗುಪ್ಪೆ ತೋರಿಸಿ ಯಾರಿವರು ಎಂದರೂ ಉತ್ತರ ತಯಾರಿತ್ತು. ಇವರು ಮನ್ನಳ್ಳಿಯ ಎಣ್ಣೆ ವ್ಯಾಪಾರಿ, ಸಾಯುವಾಗಲೂ ಮಾಪು ಓರೆ ಹಿಡಿದವರು. ಇವರು ಮೂರು ಮದುವೆಯಾದ ದರ್ಜಿ, ನಾಲ್ಕನೆಯದಕ್ಕೆ ಅಳತೆ ತೆಗೆಯುತ್ತಿದ್ದಾಗ ಹೋದವರು. ಮಣ್ಣು ಕಡಿಮೆ ಬಿದ್ದ ಕಡೆ ಒಂದು ಬುಟ್ಟಿ ಹೆಚ್ಚು ಸುರಿಯುವ ಹಾಗೆ, ಸಂಗತಿ ಕಡಿಮೆ ಬಿದ್ದ ಕಡೆಯೂ ಅವನು ಒಂದು ಬುಟ್ಟಿ ಸುರಿಯುತ್ತಿದ್ದ. ಒಳಗಿದ್ದವರು ಯಾರೂ ತಕರಾರು ತೆಗೆದವರಲ್ಲ.

ಬುಖಾರು ಬಂದು ಏಳು ವರ್ಷವಾದ ಮೇಲೆ, ಒಂದು ಮುಂಜಾನೆ, ಔರಾದಿನ ಗಾಡಿಯೊಂದು ಬಂದು ನಿಂತಿತು. ಇಳಿದವಳು ಗುಂಡಮ್ಮ, ನಲವತ್ತರ ಹತ್ತಿರದ ಗಟ್ಟಿ ಹೆಂಗಸು. ಜೊತೆಗೆ ಮೈದುನ ಮಲ್ಲಿಕಾರ್ಜುನಪ್ಪ.

"ಮಿಯಾಸಾಬ್, ಔರಾದದ ಶಿವರಾಜಪ್ಪನೋರು ಎಲ್ಲಿ ಕೂತಾರ, ತೋರಸ್ರಿ. ನಾ ಅವರ ಮನಿಯಾಕಿ."

"ಬರ್ರಿ ಅಕ್ಕಾ. ನನಗ ಗೊತ್ತಿಲ್ಲದವರು ಇಲ್ಲಿ ಯಾರದಾರ?" ಉಸ್ಮಾನ ಮಿಯಾ ಕಿಂಡಿ ದಾಟಿ, ಬೇವಿನ ಗಿಡದ ಹತ್ತಿರದ ಗುಪ್ಪೆ ತೋರಿಸಿದ. "ಜಮೀನಿನ ಅರ್ಜಿ ಹಿಡಕೊಂಡು ಕಚೇರಿಗಿ ಬಂದಿದ್ರು. ಮುಸಾಫಿರಖಾನಿದಾಗ ಇಳದಿದ್ರು. ಎರಡೇ ದಿನದ ಬುಖಾರ. ಅಯ್ಯನೋರು ಕೈಯಾಗ ಲಿಂಗ ಇಟ್ರು. ಏನ್ ಕೂತಾರಂತೀರಿ! ತಹಶೀಲದಾರ ಬಂದ್ರೂ ಮುಂದ ಕೈ ಮುಗಿದು ನಿಲ್ಲಬೇಕು, ಹಂಗ ಕೂತಾರ."

ಗುಂಡಮ್ಮ ಸೆರಗು ಬಾಯಿಗೊತ್ತಿ ಅತ್ತಳು. ಅತ್ತು ಮುಗಿದದ್ದೇ ಕೆಲಸಕ್ಕೆ ಬಂದಳು. "ಇವರ ಬಾಜೂಕ ನನಗ ಜಾಗಾ ಬೇಕು. ಈಗೇ ಗುರುತು ಹಾಕಿ ಕಲ್ಲು ನೆಡ್ರಿ."

"ಯಾಕ ವೈನಿ, ಔರಾದದಾಗ ಮಣ್ಣಿಲ್ಲೇನು?" ಎಂದ ಮಲ್ಲಿಕಾರ್ಜುನಪ್ಪ.

"ಮಣ್ಣದ, ನಿಮ್ಮಣ್ಣ ಇಲ್ಲ. ಹದಿನಾಕು ವರ್ಷ ಸಂಸಾರ ಮಾಡ್ದೆವು, ಅವ್ರು ಹೊಲದಾಗ, ನಾ ಒಲಿ ಮುಂದ. ಸತ್ತ ಮ್ಯಾಲಾದ್ರೂ ಒಂದ ಕಡಿ ಕೂಡ್ತೀವಿ."

ಉಸ್ಮಾನ ಮಿಯಾ ಅಳತೆಕೋಲು ತಂದ. ಹೀಗೆ ಮೊದಲೇ ಜಾಗ ಹಿಡಿದಿಟ್ಟವರು ಬೇಕಾದಷ್ಟು ಮಂದಿ ಇದ್ದರು. ಒಂದು ಮೂಲೆಗೆ ಗೂಟ ಬಡಿದು ಎರಡನೆಯದಕ್ಕೆ ಬಗ್ಗಿದಾಗ ಗುಂಡಮ್ಮ ಮೂಗು ಒರೆಸಿಕೊಳ್ಳುತ್ತ ಅಂದಳು:

"ನಡುವ ಜರಾ ಜಾಸ್ತಿ ಬಿಡ್ರಿ. ಅವರಿಗಿ ಎಡಗಾಲು ಸರಿ ಮಡಚಲಿಕ್ಕ ಬರ್ತಿದ್ದಿಲ್ಲ. ಕೊಡಲಿ ಬಿದ್ದು ಕಿರುಬಳ್ಳು ಹೋಗಿತ್ತು. ಊಟಕ್ಕ ಕೂತರೂ ಆ ಕಾಲು ಚಾಚೇ ಕೂಡ್ತಿದ್ರು."

ಎರಡನೆಯ ಗೂಟ ಕೈಯಲ್ಲೇ ಉಳಿಯಿತು.

ಕಿರುಬೆರಳಿಲ್ಲದ ಕಾಲು! ಅದನ್ನು ಅವನು ಕಂಡಿದ್ದ. ಆ ವರ್ಷ ಮೈ ತೊಳೆಯುವವರೇ ಹಾಸಿಗೆ ಹಿಡಿದಿದ್ದರಿಂದ ಹೆಣಗಳನ್ನು ಉಟ್ಟ ಬಟ್ಟೆಯಲ್ಲೇ ಮಣ್ಣು ಮಾಡುತ್ತಿದ್ದರು. ಮೇಲೆ ಹೊದಿಸಿದ ಬಟ್ಟೆ ಸಾಲದೆ ಒಬ್ಬನ ಪಾದ ಹೊರಗೇ ಉಳಿದಾಗ ತನ್ನ ಹೆಗಲ ವಸ್ತ್ರ ತೆಗೆದು ಮುಚ್ಚಿದ್ದ. ಎಡಗಾಲು, ನಾಲ್ಕೇ ಬೆರಳು. ಆದರೆ ಕೂರಿಸುವವರ ಕಾಲು ಮಡಚಿ ತೊಡೆಯ ಕೆಳಗೆ ಹೋಗುತ್ತದೆ. ಮೇಲೆ ನಿಂತು ತಲೆ ಹೆಗಲು ಹಿಡಿದು ಇಳಿಸುವವನಿಗೆ ಬೆರಳು ಎಲ್ಲಿ ಕಾಣಬೇಕು? ಪಾದದ ಕಡೆ ನಿಂತು ಇಳಿಸುವುದು ಮಲಗಿಸುವವರನ್ನು. ಹಾಗಾದರೆ ಶಿವರಾಜಪ್ಪ ಮಲಗಿದ್ದಾನೆ. ಹಾಗಾದರೆ ಇಲ್ಲಿ ಕೂತವನು?

"ಜರಾ ನೀರು ಕುಡದು ಬರ್ತೇನಿ ಅಕ್ಕಾ," ಎಂದು ಉಸ್ಮಾನ ಮಿಯಾ ಗುಡಿಸಲಿಗೆ ಓಡಿದ.

ಹೆಂಡತಿ ಹಮೀದುನ್ನಿಸಾ ರೊಟ್ಟಿ ತಟ್ಟುತ್ತಿದ್ದಳು. ಅವಳೆದುರು ಕುಕ್ಕರಿಸಿ ಎಲ್ಲ ಹೊರಹಾಕಿದ. ಮುಸಾಫಿರಖಾನೆಯ ಒಂದೇ ಕೋಣೆಯಲ್ಲಿ ಅಂದು ಇಬ್ಬರಿದ್ದರು, ಔರಾದಿನ ಶಿವರಾಜಪ್ಪ ಮತ್ತು ಭಾಲ್ಕಿಯ ಅತ್ತರು ವ್ಯಾಪಾರಿ ಗೌಸೋದ್ದೀನ. ಕಚೇರಿ ಕೆಲಸಕ್ಕೆ ಬಂದವರಾದ್ದರಿಂದ ಇಬ್ಬರಿಗೂ ಶೇರವಾನಿ, ಇಬ್ಬರಿಗೂ ಕೆಂಪು ರೂಮಿ ಟೋಪಿ, ಇಬ್ಬರಿಗೂ ಗಡ್ಡ. ಎದೆಗೆ ಎಣ್ಣೆ ತಿಕ್ಕಲೆಂದು ಚೌಕಿದಾರ ಲಿಂಗದ ಕರಡಿಗೆ ಬಿಚ್ಚಿ, ಎರಡು ಮಂಚಗಳ ನಡುವಿನ ಮೊಳೆಗೆ ತೂಗುಹಾಕಿದ್ದ. ಬೆಳಗಾಗುವುದರಲ್ಲಿ ಇಬ್ಬರೂ ಹೋಗಿದ್ದರು. ಯಾರು ಯಾರೆಂದು ತಿಳಿಯದ ಚೌಕಿದಾರ ಮೂಸಿ ನೋಡಿದ. ಅತ್ತರು ಘಮಘಮಿಸುವವನು ಮುಸಲ್ಮಾನ ಎಂದು ತೀರ್ಮಾನಿಸಿ ಅವನನ್ನು ಕಬರಸ್ತಾನಕ್ಕೆ, ಇನ್ನೊಬ್ಬನನ್ನು ಕರಡಿಗೆಯ ಸಮೇತ ರುದ್ರಭೂಮಿಗೆ ಕಳಿಸಿಕೊಟ್ಟೆನೆಂದು ಆಗ ಅವನೇ ಹೇಳಿದ್ದ. ಈಗ ಮತ್ತೆ ಕೇಳಿ ತಿಳಿಯೋಣವೆಂದರೆ ಆ ಚೌಕಿದಾರನೂ ಮರುವಾರವೇ ತೀರಿದ್ದ.

"ಗೌಸೋದ್ದೀನನ ತಾಯಿ ಫಕ್ರುನ್ನಿಸಾ ಬೀ ವರ್ಷಾ ಬಂದು ಏನಂತಾರ?" ಎಂದಳು ಹಮೀದುನ್ನಿಸಾ. "ನನ್ನ ಮಗ ತಾ ಹಚ್ಕೊಳ್ಳದಿದ್ರೂ ಬಾಜೂಕ ಕೂತವರಿಗಿ ಅತ್ತರ ಹಚ್ಚದ ಬಿಡ್ತಿದ್ದಿಲ್ಲ ಅಂತಾರ. ಅಜೀ, ಆ ಔರಾದದವಗೂ ಹಚ್ಚ್ಯಾನ!"

"ಹೇಳಲೋ ಬ್ಯಾಡೋ?"

"ಹೇಳದಿದ್ರ ಆ ಹೆಣ್ಮಗಳು ಯಾರ ಬಾಜೂಕ ಹೋಗಿ ಕೂಡ್ತಾಳ, ಅದನ್ನ ಹೇಳ್ರಿ."

ಉಸ್ಮಾನ ಮಿಯಾ ಎದ್ದು ಹೊರಬಿದ್ದ. ಕಾಲಿನ ನೆನಪು ಆ ದಿನದ್ದೋ ಮರುದಿನದ್ದೋ? ಅಂಥ ಬೆರಳು ಊರಲ್ಲಿ ಒಬ್ಬನದೇ ಕಳೆದಿತ್ತೇ? ಒಂದು ಕ್ಷಣ ಪೂರ್ತಿ ನೆನಪಿದೆ ಅನ್ನಿಸುವುದು, ಮರುಕ್ಷಣ ತಾನೇ ಒಂದು ಬುಟ್ಟಿ ಸುರಿದನೇನೋ ಅನ್ನಿಸುವುದು. ಇಷ್ಟು ವರ್ಷ ಬೇರೆಯವರಿಗೆ ಹೇಳಿದ್ದು ಈಗ ಅವನಿಗೇ ತಿರುಗಿ ಬಂದಿತ್ತು.

ಮರಳಿ ಬಂದು, ಗೂಟ ಕೆಳಗಿಟ್ಟು, ಒಂದೂ ಸಂಗತಿ ಬಿಡದೆ, ಒಂದೂ ಸೇರಿಸದೆ ಹೇಳಿದ. ಜೀವನದಲ್ಲಿ ಅಷ್ಟು ಸಪ್ಪೆಯಾಗಿ ಅವನು ಏನನ್ನೂ ಹೇಳಿರಲಿಲ್ಲ.

ಮಲ್ಲಿಕಾರ್ಜುನಪ್ಪ ಅಂಗಿಯ ತೋಳು ಏರಿಸಿದ. "ಎರಡೂ ಅಗದು ನೋಡೋಣು. ಬಳ್ಳು ಎಣಿಸಿದ್ರ ಗೊತ್ತಾಗ್ತದ."

"ಸುಮ್ಮ ಕೂಡೋ. ಬದುಕಿದ್ದಾಗ ನಸುಕಿನ್ಯಾಗ ಎಬ್ಬಿಸಿದ್ರೇ ಬೈತಿದ್ರು, ಏಳು ವರ್ಷದ ಮ್ಯಾಲ ಎಬ್ಬಸ್ತೀಯೇನು?" ಗುಂಡಮ್ಮ ಉಸ್ಮಾನ ಮಿಯಾನ ಕಡೆ ತಿರುಗಿದಳು. "ಖರೇನ ಅವ್ರೇ ಏನು?"

"ಗೊತ್ತಿಲ್ಲ ಅಕ್ಕಾ. ಇರಬೇಕು ಅನಸ್ತದ. ಕಸಂ ತಿನ್ನು ಅಂದ್ರ ತಿನ್ನಲಾರೆ."

ಅವಳು ಸೀರೆ ಎತ್ತಿಹಿಡಿದು ಕಿಂಡಿ ದಾಟಿದಳು. ಉಸ್ಮಾನ ಮಿಯಾ ತೋರಿಸಿದ ಉದ್ದನೆಯ ಗೋರಿಯ ಮುಂದೆ ನಿಂತಳು.

"ಹ್ಯಾಂಗ ಮಲಗ್ಸಿರಿ?"

"ಬಲಮಗ್ಗಲಾ. ಮಾರಿ ಆ ಕಡಿಗಿ."

"ಮನ್ಯಾಗೂ ಹಂಗೇ ಮಲಗ್ತಿದ್ರು. ನನಗ ಬೆನ್ನು ಕೊಟ್ಟು." ನಗುತ್ತಿದ್ದಾಳೋ ಅಳುತ್ತಿದ್ದಾಳೋ ಉಸ್ಮಾನ ಮಿಯಾನಿಗೆ ತಿಳಿಯಲಿಲ್ಲ. "ಅಲ್ರೀ ಮಿಯಾಸಾಬ್, ಹಂಗಾರ ಇವರ ಕೈಯಾಗ ಲಿಂಗ ಇಲ್ಲ."

"ಇಲ್ಲ ಅಕ್ಕಾ."

"ಲಿಂಗ ಬಿಟ್ಟು ಒಂದು ಗುಟುಕು ನೀರು ಕುಡದವ್ರಲ್ಲ."

ಗುಂಡಮ್ಮ ಬಗ್ಗಿ ಗೋರಿಯ ಮೇಲಿನ ಒಣಗಿದ ಗುಲಾಬಿ ದಳ ಎತ್ತಿ ನೋಡಿದಳು. ಭಾಲ್ಕಿಯ ಮುದುಕಿ ಏರಿಸಿದ್ದು. ಅದನ್ನು ಇದ್ದಲ್ಲಿಯೇ ಇಟ್ಟಳು.

"ಆ ತಾಯಿಗಿ ಹೇಳ್ತೀರೇನು?"

"ಗೋರಿಗಿ ಹೂ ಏರಸೋ ಶಬ್‍-ಎ-ಬರಾತ್‌ಗೆ ಬರ್ತಾರ. ಏನ್ ಹೇಳಬೇಕೋ ತಿಳೀವಲ್ದು."

"ವಯಸ್ಸೆಷ್ಟು?"

"ಎಂಬತ್ತರ ಮ್ಯಾಲ."

"ಹೇಳಬ್ಯಾಡ್ರಿ. ವರ್ಷಾ ಬಂದು ಹೂ ಹಾಕ್ತಾಳ, ಹಾಕಲಿ. ನಾ ಏಳು ವರ್ಷ ಬರ್ಲಿಲ್ಲ. ಯಾರರೇ ಬಂದಾರಲ್ಲ ಇವರ ಕಡಿಗಿ." ಮತ್ತೆ ಕಿಂಡಿ ದಾಟಿ ಚೌಕ ಕುಣಿಯ ಹತ್ತಿರ ಬಂದಳು. "ಇಲ್ಲಿ ಕಲ್ಲಿನ ಕಟ್ಟಿ ಕಟ್ಟಸ್ರಿ. ಯಾರ ಮಗನಾದ್ರೂ ಆಗಲಿ, ನಮ್ಮವರ ಲಿಂಗ ಏಳು ವರ್ಷದಿಂದ ಹಿಡಕೊಂಡು ಕೂತಾನ. ಅವನ ಮ್ಯಾಲ ಮಳಿನೀರು ನಿಲ್ಲಬಾರ್ದು."

"ಕಟ್ಟಸ್ತೇನಿ ಅಕ್ಕಾ. ಮತ್ತ ನಿಮ್ಮ ಜಾಗಾ?" ಉಸ್ಮಾನ ಮಿಯಾ ಗೂಟದ ಕಡೆ ನೋಡಿದ. "ಈ ಕಡಿಗೋ, ಆ ಕಡಿಗೋ?"

ಗುಂಡಮ್ಮ ಬೇಲಿಯ ಈ ಕಡೆ ನೋಡಿದಳು, ಆ ಕಡೆ ನೋಡಿದಳು.

"ಆ ಕಡಿಗಿ ನಮ್ಮವರು ಬಿಡಂಗಿಲ್ಲ, ನಿಮ್ಮವರೂ ಬಿಡಂಗಿಲ್ಲ. ಈ ಕಡಿಗಿ ಕೂತ್ರ ಬಾಜೂಕ ಪರಗಂಡಸು. ಏನರೇ ಒಂದು ಯೋಚನಿ ಮಾಡ್ತೇನ್ರಿ. ನಾ ಏನ್ ಇವತ್ತೇ ಸಾಯ್ಲತ್ತೀನೇನು?" ಎಂದು ಗಾಡಿ ಹತ್ತಿದಳು.