ಎದುರು ಕುರ್ಚಿಯ ತಕರಾರಮ್ಮ

ಆ ಹೊಲಿಗೆ ಅಂಗಡಿಯಲ್ಲಿ ಎಲ್ಲರೂ ಅವಳನ್ನು ತಕರಾರಮ್ಮ ಎಂದೇ ಕರೆಯುತ್ತಿದ್ದರು. ಅವಳೇನೂ ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಕೊನೆಗೆ ಒಂದು 'ಅಮ್ಮ' ಸೇರಿಸುತ್ತಾರಲ್ಲ, ಅಷ್ಟು ಮರ್ಯಾದೆ ಸಾಕು ಎನ್ನುತ್ತಿದ್ದಳು. ಕೋಟುಗಳಿಗೆ ಕಾಜಾ ಮಾಡಿ ಗುಂಡಿ ಹಚ್ಚುವುದು ಅವಳ ಕೆಲಸ. ಕಿಟಕಿಯ ಪಕ್ಕ ಒಂದು ಸ್ಟೂಲು, ಮಡಿಲಲ್ಲಿ ಯಾರದ್ದೋ ಕೋಟು, ತುಟಿಗಳ ನಡುವೆ ಸೂಜಿ. ಸೂಜಿ ತುಟಿಯಲ್ಲಿರುವಷ್ಟು ಹೊತ್ತು ಅಂಗಡಿಗೆ ನೆಮ್ಮದಿ. ಅದು ಬಟ್ಟೆಗಿಳಿಯಿತೋ, ಬಾಯಿ ತೆರೆಯಿತೆಂದೇ ಲೆಕ್ಕ.

ದೇವರನ್ನೂ ಅವಳು ಬಿಟ್ಟವಳಲ್ಲ. ಬೆಳಿಗ್ಗೆ ಎದ್ದು ಕೈಮುಗಿದು ನಿಂತರೆ ಬೇರೆಯವರು ಏನಾದರೂ ಬೇಡಿಕೊಳ್ಳುತ್ತಾರೆ. ಇವಳು ವಿಚಾರಣೆಗೇ ಇಳಿಯುತ್ತಿದ್ದಳು. "ಮೊಣಕಾಲು ಅಂತ ಒಂದು ಮಾಡಿದ್ದೀಯಲ್ಲಪ್ಪಾ, ಕಳಿಸೋ ಮುಂಚೆ ಒಂದು ಸಲ ಎಳೆದು ನೋಡಬಾರದಿತ್ತಾ?"

ಎಳೆದು ನೋಡುವುದು ಆ ಅಂಗಡಿಯ ಪದ್ಧತಿ. ಹೊಲಿದ ಬಟ್ಟೆ ಯಾವುದೇ ಇರಲಿ, ಹೊಲಿದವಳು ಒಂದು ಬದಿ ಹಿಡಿಯಬೇಕು, ಇನ್ನೊಬ್ಬಳು ಎದುರು ನಿಂತು ಇನ್ನೊಂದು ಬದಿ ಹಿಡಿಯಬೇಕು, ಇಬ್ಬರೂ ಜಗ್ಗಬೇಕು. ಹೊಲಿಗೆ ಬಿಟ್ಟರೆ ಇಲ್ಲೇ ಬಿಡಲಿ. ಗಿರಾಕಿಯ ಬೆನ್ನ ಮೇಲೆ ನಡುಬೀದಿಯಲ್ಲಿ ಬಿಡುವುದು ಬೇಡ. ಜಗ್ಗುವಾಗ ಸ್ನೇಹ, ದಾಕ್ಷಿಣ್ಯ ಏನೂ ಕೂಡದು. ಹೊಸದಾಗಿ ಸೇರಿದವರು ಮೊದಮೊದಲು ಮೆತ್ತಗೆ ಎಳೆಯುತ್ತಿದ್ದರು. ತಕರಾರಮ್ಮ ರೇಗುತ್ತಿದ್ದಳು: "ಮಗೂನ ತೊಟ್ಟಿಲು ತೂಗ್ತಿದ್ದೀಯೇನೇ? ಎಳಿ!"

ಅಂಗಡಿ ಒಬ್ಬರದಲ್ಲ, ಅಲ್ಲಿ ಕೆಲಸ ಮಾಡುವ ಹೆಂಗಸರೆಲ್ಲರದು. ಹಾಗಾಗಿ ಏನೇ ತೀರ್ಮಾನವಾದರೂ ಸಭೆಯಲ್ಲಿ ಕೈ ಎತ್ತಿಯೇ ಆಗಬೇಕು. ಕತ್ತರಿಸುವ ದೊಡ್ಡ ಮೇಜಿನ ಒಂದು ತುದಿಗೆ ಅಧ್ಯಕ್ಷೆ, ಇನ್ನೊಂದು ತುದಿಗೆ ಒಂದು ಹಳೆಯ ಮರದ ಕುರ್ಚಿ. ಅದೇ ಎದುರು ಕುರ್ಚಿ. ಅದರಲ್ಲಿ ಕೂತವಳು ಮುಂದಿಟ್ಟ ಮಾತನ್ನು ವಿರೋಧಿಸಲೇಬೇಕು. ಯಾರೂ ವಿರೋಧಿಸದ ಮಾತು ಅಲ್ಲಿ ತೀರ್ಮಾನವಾಗುವಂತೆಯೇ ಇಲ್ಲ.

ಈ ಕುರ್ಚಿ ಬಂದದ್ದು ಒಂದು ಬ್ಯಾಂಡ್ ತಂಡದ ದೆಸೆಯಿಂದ. ಅಂಗಡಿ ಹೊಸದಾಗಿ ಶುರುವಾದ ಕಾಲದಲ್ಲಿ ಆ ತಂಡಕ್ಕೆ ಕೆಂಪು ಕೋಟು ಹೊಲಿದು ಕೊಡುವ ಕೆಲಸ ಸಿಕ್ಕಿತ್ತು. ಯಾರೋ ಅಗ್ಗದ ಬಟ್ಟೆ ತೋರಿಸಿದರು. ಅದನ್ನು ಕೊಳ್ಳೋಣವೇ ಎಂದು ಕೇಳಿದಾಗ ಎಲ್ಲರೂ ಬೊಂಬೆಗಳ ಹಾಗೆ ತಲೆಯಾಡಿಸಿದರು. ಒಬ್ಬರ ಬಾಯಿಂದಲೂ 'ಒಂದು ತುಂಡು ನೆನೆಸಿ ನೋಡೋಣ' ಎಂಬ ಮಾತು ಬರಲಿಲ್ಲ. ಬ್ಯಾಂಡಿನವರು ಮೊದಲ ಮೆರವಣಿಗೆಯಲ್ಲೇ ಮಳೆಯಲ್ಲಿ ನೆನೆದರು. ಬಟ್ಟೆ ಮುದುರಿಕೊಂಡಿತು, ತೋಳುಗಳು ಮೊಣಕೈಗೆ ಏರಿದವು. ದಪ್ಪಗಿದ್ದ ತುತ್ತೂರಿಯವನು ಊದಲೆಂದು ಉಸಿರೆಳೆದುಕೊಂಡನು, ಅಷ್ಟೇ. ಗುಂಡಿಗಳು ಒಂದೊಂದಾಗಿ ಹಾರಿ ಡೋಲಿನ ಮೇಲೆ ಬಿದ್ದು, ತಾಳ ತಪ್ಪಿತು. ಆಗಿನ ಅಧ್ಯಕ್ಷೆ ಮಾರನೆಯ ದಿನವೇ ಕುರ್ಚಿ ತರಿಸಿದಳು. "ಬಟ್ಟೇನ ಎಳೆದು ನೋಡ್ತೀವಿ, ಮಾತನ್ನ ಯಾಕೆ ಎಳೆದು ನೋಡಲ್ಲ?" ಎಂದಳಂತೆ.

ಮೊದಲು ಆ ಕುರ್ಚಿಯಲ್ಲಿ ಸರದಿಯ ಮೇಲೆ ಕೂರುತ್ತಿದ್ದರು. ಆದರೆ ಬೇರೆಯವರೆಲ್ಲ ಅಲ್ಲಿ ಕೂತಾಗ ಕಷಾಯ ಕುಡಿದವರ ಹಾಗೆ ಮುಖ ಮಾಡುತ್ತಿದ್ದರು. 'ತಪ್ಪು ತಿಳ್ಕೋಬೇಡಿ' ಎಂದು ಶುರುಮಾಡಿ, ತಪ್ಪು ತಿಳಿಯುವಂಥದ್ದೇನನ್ನೂ ಹೇಳದೆ ಏಳುತ್ತಿದ್ದರು. ಕಾಜಾದ ಹೆಂಗಸು ಮಾತ್ರ ಕೂತಳೆಂದರೆ ತವರಿಗೆ ಬಂದವಳ ಹಾಗೆ ಕಾಲು ಚಾಚುತ್ತಿದ್ದಳು. ಕ್ರಮೇಣ ಕುರ್ಚಿ ಅವಳದೇ ಆಯಿತು, ಹೆಸರೂ ಅಂಟಿಕೊಂಡಿತು.

ಈ ವಿರೋಧ ಎಂಬುದರ ಬಗ್ಗೆ ಅವಳಿಗೆ ಪಾಠ ಹೇಳಿದವರು ಒಬ್ಬ ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಅವರಿಗೆ ಇದ್ದದ್ದು ಒಂದೇ ಕೋಟು. ಅದರ ಕಾಲರು ಸವೆದರೆ ಮಗುಚಿ ಹೊಲಿಸಿಕೊಳ್ಳುತ್ತಿದ್ದರು, ಅಸ್ತರು ಹರಿದರೆ ಬದಲಾಯಿಸುತ್ತಿದ್ದರು. ಒಳಗಿನ ಮನುಷ್ಯನೊಬ್ಬನನ್ನು ಬಿಟ್ಟು ಆ ಕೋಟಿನಲ್ಲಿ ಎಲ್ಲವೂ ಬದಲಾಗಿತ್ತು. ಗುಂಡಿ ಹಚ್ಚುವಷ್ಟು ಹೊತ್ತು ಅವಳ ಪಕ್ಕ ಕೂತು ಇಂಗ್ಲಿಷ್ ಶಬ್ದಗಳ ಹುಟ್ಟು ಹೇಳುವುದು ಅವರ ಚಟ.

"ಇವತ್ತು ಯಾರನ್ನ ಅಪೋಸ್ ಮಾಡಿದ್ರಮ್ಮಾ?" ಎಂದು ಒಮ್ಮೆ ಕೇಳಿದರು.

"ಅದೇನು ಮೇಷ್ಟ್ರೇ ಅಪೋಸು?"

"ವಿರೋಧ ಮಾಡೋದು. ಆದರೆ ಅದರ ಬೇರು ಲ್ಯಾಟಿನ್‌ನಲ್ಲಿದೆ. ಅಲ್ಲಿ ಜಗಳ, ಕೋಪ ಏನೂ ಇಲ್ಲ. 'ಎದುರಿಗೆ ಇಡು' ಅಂತ ಇದೆ, ಅಷ್ಟೇ."

"ಏನನ್ನ ಇಡೋದು?"

"ಏನನ್ನಾದರೂ ಸರಿ."

ತಕರಾರಮ್ಮ ಕೋಟನ್ನು ಅವರ ಮುಂದಿಟ್ಟಳು. "ತಗೊಳ್ಳಿ, ಇಟ್ಟಿದ್ದೀನಿ. ಇದು ಕೋಟಲ್ಲ, ಕೋಟಿನ ಅಸ್ಥಿಪಂಜರ. ಹೊಸದು ಹೊಲಿಸ್ಕೊಳ್ಳಿ."

ಮೇಷ್ಟ್ರು ಕೇಳಿಸದವರ ಹಾಗೆ ಮುಂದುವರಿಸಿದರು. 'ಆಬ್ಜೆಕ್ಟ್' ಅಂದರೆ ಮೂಲದಲ್ಲಿ ಎದುರಿಗೆ ಎಸೆಯುವುದಂತೆ. "ಅದು ನಮ್ಮ ತಂಗಿ, ಸಿಟ್ಟು ಬಂದರೆ ಪಾತ್ರೆ ಎಸೀತಾಳೆ" ಎಂದಳು. 'ರೆಸಿಸ್ಟ್' ಅಂದರೆ ಜಗ್ಗದೆ ನಿಲ್ಲುವುದಂತೆ. "ಅದು ನಮ್ಮ ಬಚ್ಚಲು ಮನೆ ಚಿಲಕ." ಕೊನೆಗೆ ಮೇಷ್ಟ್ರು ಬೆರಳೆತ್ತಿದರು.

"ಅಪೋಸ್‌ಗೆ ಹಿಂದೆ ಇನ್ನೊಂದು ಅರ್ಥಾನೂ ಇತ್ತು. ಓದಿದವನನ್ನ ಮುಂದೆ ನಿಲ್ಲಿಸಿ, ಅಡ್ಡಪ್ರಶ್ನೆ ಹಾಕಿ, ಎಷ್ಟು ಗಟ್ಟಿ ಇದ್ದಾನೆ ಅಂತ ಪರೀಕ್ಷೆ ಮಾಡೋದಕ್ಕೂ ಅದೇ ಮಾತು ಹೇಳ್ತಿದ್ರು."

"ಆ ಅರ್ಥ ಏನಾಯ್ತು?"

"ಬಳಸೋರಿಲ್ಲದೆ ಸವೆದು ಹೋಯ್ತು."

"ನಿಮ್ಮ ಕೋಟಿನ ಹಾಗೆ" ಎಂದು ಅವಳು ದಾರ ಕಚ್ಚಿದಳು.

ಹೀಗೆ ನಗುನಗುತ್ತಾ ಇದ್ದವಳಿಗೆ ಕುರ್ಚಿ ಮುಳ್ಳಾದದ್ದು ತಂಗಿಯ ವಿಷಯದಲ್ಲಿ. ಅಕ್ಕತಂಗಿ ಇಬ್ಬರಿಗೂ ಮದುವೆಯಾಗಿರಲಿಲ್ಲ. ಒಂದೇ ಮನೆ, ಒಂದೇ ಒಲೆ. ತಂಗಿ ಅದೇ ಅಂಗಡಿಯಲ್ಲಿ ಕಟಿಂಗ್ ಅಜ್ಜಿಯ ಕೈಕೆಳಗೆ ಇದ್ದಳು. ಬಟ್ಟೆಗೆ ಮೊದಲ ಕತ್ತರಿ ಹಾಕುವವಳೇ ಅಂಗಡಿಯಲ್ಲಿ ದೊಡ್ಡವಳು. ಅವಳ ಕೈ ತಪ್ಪಿದರೆ ಹಿಂದೆ ಬರುವವರ ಕೈಯೆಲ್ಲ ತಪ್ಪು. ಕತ್ತರಿಸುವ ಆ ಮೇಜು ತನ್ನದಾಗಬೇಕೆಂದು ತಂಗಿ ವರ್ಷಾನುಗಟ್ಟಲೆ ಕಣ್ಣಿಟ್ಟಿದ್ದಳು. ಅಜ್ಜಿಗೆ ಕಣ್ಣು ಮಂಜಾಗಿ, ಇನ್ನು ಆಗದು ಎಂದು ಕತ್ತರಿ ಕೆಳಗಿಟ್ಟಾಗ, ಅಧ್ಯಕ್ಷೆ ತಂಗಿಯ ಹೆಸರನ್ನೇ ಎತ್ತಿದಳು. ಸಭೆ ಶನಿವಾರ ಎಂದಾಯಿತು.

ತಂಗಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಕತ್ತರಿ ಎತ್ತಿಕೊಳ್ಳುವ ಮುಂಚೆ ಮೇಜಿನ ಮುಂದೆ ನಿಂತು ಎರಡೂ ಕೈಗಳನ್ನು ಮುಂದಕ್ಕೆ ಚಾಚಿ, ಒಂದು ಕ್ಷಣ ನೋಡಿಕೊಳ್ಳುತ್ತಿದ್ದಳು. 'ಹಾರೋಕೆ ಹೊರಟ್ಲು ನೋಡು' ಎಂದು ಯಂತ್ರಗಳ ಹಿಂದಿನಿಂದ ಯಾರಾದರೂ ಕಿಚಾಯಿಸುವುದು ಮಾಮೂಲಾಗಿತ್ತು. ಮೈಮುರಿಯುತ್ತಾಳೆ ಎಂದು ಕೆಲವರು, ಪ್ರಾರ್ಥನೆ ಮಾಡುತ್ತಾಳೆ ಎಂದು ಕೆಲವರು. ಅಕ್ಕನೂ ಕೇಳಿರಲಿಲ್ಲ. ದೇವರನ್ನೇ ಪ್ರಶ್ನಿಸುವವಳು ತಂಗಿಯ ಪ್ರಾರ್ಥನೆಯನ್ನು ಪ್ರಶ್ನಿಸಲು ಹೋಗಲಿಲ್ಲ.

ಶುಕ್ರವಾರ ಸಂಜೆ ತಂಗಿ ಊಟಕ್ಕೆ ಬಡಿಸುತ್ತಾ ಹೇಳಿದಳು: "ಅಕ್ಕ, ನಾಳೆ ಒಂದಿನ ನಿನ್ನ ಬಾಯಿಗೆ ಬೀಗ ಹಾಕ್ಕೋ."

"ಹಾಕ್ಕೊಂಡ್ರೆ ತೀರ್ಮಾನವೇ ಆಗಲ್ವಲ್ಲೇ."

"ಬೇರೆ ಯಾರಾದ್ರೂ ಕೂತ್ಕೊಳ್ಳಲಿ. ನೀನು ಬೇಡ. ಎಲ್ಲರ ಮುಂದೆ ನನ್ನ ಮಾನ ತೆಗೀಬೇಡ."

ಅಕ್ಕ ತಟ್ಟೆಯಲ್ಲಿ ಬೆರಳಾಡಿಸಿದಳು. ಈ ಮೇಜು ತಂಗಿಗೆ ಸಿಗಲಿ ಎಂದು ಅವಳೂ ದೇವರಲ್ಲಿ ಕೇಳಿಕೊಂಡಿದ್ದಳು, ಅದೂ ತಕರಾರಿಲ್ಲದೆ. ವಿರೋಧಿಸಿದರೆ ತಂಗಿಯ ಮನಸ್ಸು ಮುರಿಯುತ್ತದೆ. ಬಿಟ್ಟರೆ, ಮೇಜು ಸಿಕ್ಕರೂ ತಂಗಿ ಎಳೆದು ನೋಡದ ಕೋಟಾಗಿಯೇ ಉಳಿಯುತ್ತಾಳೆ. ಯೋಚಿಸಿ ಯೋಚಿಸಿ, ಕೊನೆಗೆ "ಆಯ್ತು ಬಿಡು" ಎಂದುಬಿಟ್ಟಳು. ತಂಗಿ ಖುಷಿಯಲ್ಲಿ ಇನ್ನೊಂದು ಸೌಟು ಬಡಿಸಿದಳು.

ಶನಿವಾರ ಸಭೆಯಲ್ಲಿ ತಕರಾರಮ್ಮ ಗೋಡೆಗೊರಗಿ ನಿಂತದ್ದನ್ನು ಕಂಡು ಎಲ್ಲರೂ ಹುಬ್ಬೇರಿಸಿದರು. "ತಂಗಿ ವಿಷಯ. ನಾನು ಕೂರಲ್ಲ" ಎಂದಳು. ಅಧ್ಯಕ್ಷೆ ಇಸ್ತ್ರಿಯವಳನ್ನು ಕೂರಿಸಿದಳು. ಇಸ್ತ್ರಿಯವಳು ಯಾರ ಮನಸ್ಸಿಗೂ ಸುಕ್ಕು ಬೀಳಬಾರದೆನ್ನುವ ಜಾತಿ. ಬಹಳ ಹೊತ್ತು ಯೋಚಿಸಿ, "ತಪ್ಪು ತಿಳ್ಕೋಬೇಡಿ... ಅವಳು ಸ್ವಲ್ಪ ಕುಳ್ಳಗಿದ್ದಾಳೆ. ಮೇಜು ಎತ್ತರ ಆಗಬಹುದು" ಎಂದಳು.

"ಮಣೆ ಹಾಕ್ಕೊಂಡು ನಿಂತ್ಕೋತೀನಿ" ಎಂದಳು ತಂಗಿ.

"ಹಾಗಾದ್ರೆ ನನ್ನದೇನೂ ಇಲ್ಲ" ಎಂದು ಇಸ್ತ್ರಿಯವಳು ಬೆವರು ಒರೆಸಿಕೊಂಡಳು.

ಅಧ್ಯಕ್ಷೆ ಕೈ ಎತ್ತಿ ಎಂದು ಹೇಳುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಯಾರೋ ಪಿಸುಗುಟ್ಟಿದರು. ಪಿಸುಮಾತು ಹೇಗಿತ್ತೆಂದರೆ ಬೀದಿಯಾಚೆಗೂ ಕೇಳಬೇಕು, ಹಾಗಿತ್ತು. "ಅಕ್ಕ ಕುರ್ಚಿ ಬಿಟ್ಟುಕೊಟ್ಲು, ತಂಗಿಗೆ ಮೇಜು ಸಿಕ್ತು. ಮನೇಲೇ ಹೊಲಿದುಕೊಂಡು ಬಂದಿದ್ದಾರೆ." ಇಬ್ಬರು ಮೂವರು ಕಿಸಕ್ಕೆಂದರು.

ತಕರಾರಮ್ಮನ ತುಟಿ ಅದುರಿತು. ಸೂಜಿಯಾದರೂ ಇದ್ದಿದ್ದರೆ ಕಚ್ಚಿಕೊಳ್ಳುತ್ತಿದ್ದಳು. ಮಾತು ಕೊಟ್ಟಾಗಿದೆ, ಗೋಡೆಗೆ ಇನ್ನಷ್ಟು ಒರಗಿಕೊಂಡಳು.

ತಂಗಿಯ ಮುಖ ಕೆಂಪಾಯಿತು. ಎದ್ದಳು. ಎಲ್ಲರೂ, ಮೊದಲು ಕತ್ತರಿಯನ್ನು ದೂರ ಸರಿಸಿ, ಏನು ಎಸೆಯುತ್ತಾಳೋ ಎಂದು ನೋಡಿದರು. ಅವಳು ಇಸ್ತ್ರಿಯವಳನ್ನು ಏಳಿಸಿದಳು. ಕುರ್ಚಿಯ ಬೆನ್ನು ಹಿಡಿದು ಅಕ್ಕನ ಕಡೆ ತಿರುಗಿಸಿದಳು.

"ಬಾ, ಕೂತ್ಕೋ."

"ನಿನ್ನೆ ಬೇಡ ಅಂದ್ಯಲ್ಲೇ."

"ನಿನ್ನೆ ಅಂದೆ. ಈಗ ಎಳೆದು ನೋಡು. ಮೆತ್ತಗೆ ಎಳೆದ್ಯೋ, ಮನೆಗೆ ಬರಬೇಡ."

ತಕರಾರಮ್ಮ ಬಂದು ಕೂತಳು. ಈ ಸಲ ಕಾಲು ಚಾಚಲಿಲ್ಲ.

"ನಿನಗೆ ಮೂಗಿನ ತುದೀಲಿ ಕೋಪ. ಕತ್ತರಿ ಕೈಯಲ್ಲಿರೋಳಿಗೆ ಕೋಪ ಬಂದ್ರೆ ಬಟ್ಟೆ ಗತಿ ಏನು?"

"ಕೋಪ ಬಂದ್ರೆ ಕತ್ತರಿ ಕೆಳಗಿಟ್ಟು ಹೊರಗೆ ಹೋಗ್ತೀನಿ. ಅಜ್ಜೀನ ಕೇಳಿ."

"ದಿನಕ್ಕೆ ಎಂಟು ಸಲ ಹೋಗ್ತಾಳೆ, ಚಪ್ಪಲಿ ಸವೀತಿದೆ" ಎಂದಳು ಕಟಿಂಗ್ ಅಜ್ಜಿ. ನಗು ಎದ್ದಿತು.

ನಗು ಇಳಿಯುವವರೆಗೂ ಅಕ್ಕ ಕಾದಳು. ಮುಂದಿನದು ನೋಯುವ ಜಾಗವೆಂದು ಅವಳಿಗೆ ಗೊತ್ತಿತ್ತು, ಎಲ್ಲರಿಗೂ ಗೊತ್ತಿತ್ತು. ದಾಕ್ಷಿಣ್ಯಕ್ಕೆ ಯಾರೂ ಎತ್ತುತ್ತಿರಲಿಲ್ಲ, ಅಷ್ಟೇ.

"ಹೋಟೆಲಿನ ಬಾಗಿಲು ಕಾಯೋರ ಕೋಟು ನೆನಪಿದೆಯಾ?"

ಆ ಕೋಟು ಹೊಲಿದಾಗ ತಂಗಿ ಹೊಸಬಳು. ಅಜ್ಜಿ ಊರಲ್ಲಿಲ್ಲದ ದಿನ ತಾನೇ ಕತ್ತರಿಸುತ್ತೇನೆಂದು ನುಗ್ಗಿದ್ದಳು. ತೋಳಿನ ಕಾಗದದ ಅಚ್ಚನ್ನು ಒಂದು ಸಲ ಹೀಗಿಟ್ಟರೆ ಇನ್ನೊಂದು ಸಲ ಮಗುಚಿ ಇಡಬೇಕು, ಎಡಕ್ಕೊಂದು ಬಲಕ್ಕೊಂದು. ಅವಳು ಮಗುಚಲು ಮರೆತು ಇಡೀ ಥಾನು ಬಟ್ಟೆಯನ್ನು ಎಡಗೈಗಳನ್ನಾಗಿ ಮಾಡಿಟ್ಟಿದ್ದಳು. 'ಎರಡೂ ಎಡಗೈ ಇರೋರನ್ನ ಹುಡುಕಿ ಕೆಲಸಕ್ಕೆ ಇಟ್ಕೊಳ್ಳಿ ಅಂತ ಹೋಟೆಲಿನವರಿಗೆ ಹೇಳೋಣ' ಎಂದು ಅಂಗಡಿಯವರು ತಿಂಗಳುಗಟ್ಟಲೆ ನಕ್ಕಿದ್ದರು.

"ಅದು ಯಾರ ತಪ್ಪು?" ಎಂದಳು ಅಕ್ಕ.

"ನನ್ನದು."

"ಅಚ್ಚು ಸರಿ ಇರಲಿಲ್ವಾ? ದೀಪ ಮಂದ ಇತ್ತಾ?"

"ಎರಡೂ ಚೆನ್ನಾಗೇ ಇದ್ವು. ಜಂಭ ನನ್ನ ಕಣ್ಣು ಮುಚ್ಚಿತ್ತು."

"ಮತ್ತೆ ಆಗಲ್ಲ ಅಂತ ಇವರು ಹೇಗೆ ನಂಬೋದು?"

ತಂಗಿ ಮೇಜಿನ ಮುಂದೆ ನಿಂತು ಎರಡೂ ಕೈಗಳನ್ನು ಮುಂದಕ್ಕೆ ಚಾಚಿದಳು. ಎಡಗೈ ನೋಡಿದಳು. ಬಲಗೈ ನೋಡಿದಳು.

"ಅವತ್ತಿನಿಂದ ಇದನ್ನ ನೋಡದೆ ಕತ್ತರಿ ಮುಟ್ಟಿಲ್ಲ" ಎಂದಳು. "ಹಾರೋಕೆ ಹೊರಟ್ಲು ಅಂತ ನಗ್ತೀರಲ್ಲ. ನಗಿ. ನೀವು ನಕ್ಕಾಗೆಲ್ಲ ಇನ್ನೂ ಚೆನ್ನಾಗಿ ನೆನಪಾಗುತ್ತೆ."

ಯಾರೂ ನಗಲಿಲ್ಲ. ತಕರಾರಮ್ಮ ಆ ಚಾಚಿದ ಕೈಗಳನ್ನೇ ನೋಡುತ್ತಾ ಕೂತಳು. ಒಂದೇ ಸೂರಿನಡಿ ಇದ್ದೂ ಇಷ್ಟು ಕಾಲ ಇದನ್ನು ಕೇಳದೇ ಹೋದೆನಲ್ಲ ಎಂದುಕೊಂಡಳು. ಆದರೂ ಕುರ್ಚಿಯ ಮರ್ಯಾದೆ ಬಿಡುವಂತಿರಲಿಲ್ಲ. "ನನ್ನ ತಕರಾರು ಮುಗೀತು. ಹೊಲಿಗೆ ಬಿಡಲಿಲ್ಲ" ಎಂದಳು.

ಮೊದಲು ಎದ್ದದ್ದು ಅಜ್ಜಿಯ ಕೈ. ಆಮೇಲೆ ಇಸ್ತ್ರಿಯವಳದು. ಪಿಸುಗುಟ್ಟಿದವಳು ಎರಡೂ ಕೈ ಎತ್ತಿದಳು. ಒಂದನ್ನು ಇಳಿಸು ಎಂದು ಅಧ್ಯಕ್ಷೆ ಗದರಬೇಕಾಯಿತು.

ಮನೆ ತಲುಪಿದ ಮೇಲೆ ತಂಗಿ ಬಾಗಿಲಿನ ಬೀಗ ತೆಗೆಯುತ್ತಾ ಅಂದಳು:

"ಕೋಪದ ವಿಷಯ ಎತ್ತಿದ್ದು ಜಾಸ್ತಿ ಆಯ್ತು. ಅದನ್ನ ಮನೇಲಿ ಹೇಳಬಹುದಿತ್ತು."

"ಮನೇಲಿ ಹೇಳಿದ್ರೆ ಪಾತ್ರೆ ಎಸೀತೀಯ. ಅಲ್ಲಾದ್ರೆ ಎಸೆಯೋಕೆ ಬರೀ ಬಟ್ಟೆ ಇತ್ತು."

ತಂಗಿ ನಗಬಾರದೆಂದು ಬಹಳ ಪ್ರಯತ್ನಪಟ್ಟಳು. ಆಗಲಿಲ್ಲ. ಬಾಗಿಲು ಹಿಡಿದುಕೊಂಡು ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕಳು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಸೋಮವಾರದಿಂದ ನಿನ್ನ ಕಾಜಾನೂ ನಾನೇ ಎಳೆದು ನೋಡ್ತೀನಿ. ಅಕ್ಕ ಅಂತ ಬಿಡಲ್ಲ" ಎಂದಳು.

"ನೋಡು, ನೋಡು" ಎಂದಳು ಅಕ್ಕ.

ದೀಪ ಹಚ್ಚಿದ ಮೇಲೆ ತಕರಾರಮ್ಮ ಎಂದಿನಂತೆ ಕೈಮುಗಿದು ನಿಂತಳು. ಆವತ್ತು ಅವಳ ಬಾಯಿಂದ ಒಂದು ಪ್ರಶ್ನೆಯೂ ಬರಲಿಲ್ಲ. ದೇವರಿಗೇ ಗಾಬರಿಯಾಗಿರಬೇಕು. ಅವನಿಗೆ ಸಮಾಧಾನವಾಗಲೆಂದೋ ಏನೋ, ತಿರುಗುವ ಮುಂಚೆ ತಗ್ಗಿದ ದನಿಯಲ್ಲಿ ಅಂದಳು: "ಆ ಮೊಣಕಾಲಿನ ವಿಷಯ ಮಾತ್ರ ನಾನಿನ್ನೂ ಬಿಟ್ಟಿಲ್ಲ."