ಹಸಿರು ಬಟ್ಟೆಯ ಕೆಳಗೊಂದು ಬೆರಳು

"ನೆಲ ಒರೆಸೋನು ನನ್ನ ಹೆಂಡ್ತಿ ಕೆನ್ನೆ ಮುಟ್ತಾನಾ? ಇದೇನು ಆಸ್ಪತ್ರೆನೋ, ಸಂತೆನೋ?"

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಆಪರೇಷನ್ ಕೋಣೆಯ ಹೊರಗೆ ರೋಗಿಯ ಗಂಡ ಕೂಗಾಡುತ್ತಿದ್ದಾನೆ. ನರ್ಸುಗಳು, ಬೇರೆ ರೋಗಿಗಳ ಕಡೆಯವರು, ಎಲ್ಲರೂ ತಿರುಗಿ ನೋಡುತ್ತಾರೆ. ಆಸ್ಪತ್ರೆಯವರೆಲ್ಲ 'ಕೆನ್ನೆಯಣ್ಣ' ಎಂದೇ ಕರೆಯುವ ಆ ಕೆಲಸಗಾರರು ಒರೆಸುವ ಕೋಲನ್ನು ಗೋಡೆಗೊರಗಿಸಿ, ಮೊಣಕೈವರೆಗೆ ಸೋಪು ಹಚ್ಚಿಕೊಳ್ಳುತ್ತಾರೆ.

ಹೌದು, ನೆಲ ಒರೆಸುವವರೇ. ಮುಚ್ಚಿಡುವಂಥದ್ದೇನಿದೆ? ಆದರೆ ಕಿವಿಯ ದೊಡ್ಡ ಆಪರೇಷನ್ ಇದ್ದ ದಿನ ಅವರ ಬಲಗೈಗೆ ಬೇರೆಯೇ ಕೆಲಸ. ಈ ಹೆಣ್ಣುಮಗಳ ಕಿವಿತಮಟೆಯ ಹಿಂದೆ ಹುಟ್ಟಿದ ಗಡ್ಡೆ ಮೂಳೆ ತಿನ್ನುತ್ತಾ ತಲೆಬುರುಡೆಯ ತಳಕ್ಕೆ ಇಳಿದಿದೆ. ಕೊರೆದು ತೆಗೆಯುವ ದಾರಿಯಲ್ಲೇ ಮುಖದ ನರ. ಅದಕ್ಕೆ ಡ್ರಿಲ್ ತಾಗಿದರೆ ಬಾಯಿ ಸೊಟ್ಟ, ಕಣ್ಣು ಮುಚ್ಚಲಾಗದು. ನರ ಕಾಯುವ ಯಂತ್ರ ಇರುವುದು ದುಡ್ಡಿನ ಆಸ್ಪತ್ರೆಗಳಲ್ಲಿ. ಇಲ್ಲಿ ಹಸಿರು ಬಟ್ಟೆಯ ಕೆಳಗೆ, ರೋಗಿಯ ಕೆನ್ನೆಯ ಮೇಲೆ, ಕೆನ್ನೆಯಣ್ಣನ ಬೆರಳು. ಡ್ರಿಲ್ ನರದ ಹತ್ತಿರ ಸುಳಿದು ಕೆನ್ನೆ ಅದುರಿದರೆ ಅವರು ಕೂಗಬೇಕು, ಡಾಕ್ಟರ ಕೈ ನಿಲ್ಲಬೇಕು. ರಿಬ್ಬನ್ ಕತ್ತರಿಸಲು ಬರುವ ದೊಡ್ಡವರಿಗೆ ಈ ಬೆರಳು ಕಾಣುವುದಿಲ್ಲ ಬಿಡಿ!

ಬೆರಳು ಒರಟಾಗಬಾರದೆಂದು ಒರೆಸುವಾಗ ಬಲಗೈಗೆ ಬಟ್ಟೆ ಸುತ್ತಿಕೊಳ್ಳುತ್ತಾರೆ. ಮನೆಯಲ್ಲಿ ಪಾತ್ರೆ ತಿಕ್ಕುವಂತಿಲ್ಲ. "ಮಹಾರಾಣಿ ಕೈ" ಎಂದು ಹೆಂಡತಿ ರೇಗಿಸುತ್ತಾಳೆ.

"ಬೆರಳು ಒತ್ತಿದ್ರೆ ಕೆಟ್ಟೆ. ನನ್ನ ನಾಡಿನೇ ಬಡಿಯುತ್ತೆ, ಅವರ ಕೆನ್ನೆ ಅಂದ್ಕೋತೀನಿ. ಹೋದ ಸಲ ಹಂಗೇ ಸುಮ್ಸುಮ್ನೆ ಕೂಗ್ಬಿಟ್ಟೆ. 'ಏನಯ್ಯಾ, ನಿದ್ದೆಗಣ್ಣಾ?' ಅಂದ್ರು ಡಾಕ್ಟ್ರಮ್ಮ. ಎಲ್ಲಾ ನಕ್ರು" ಎನ್ನುತ್ತಾರೆ ಕೆನ್ನೆಯಣ್ಣ.

ಇವತ್ತು ಡ್ರಿಲ್ ಗುಂಯ್‌ಗುಡುತ್ತಿದೆ. ಬೆರಳ ಕೆಳಗೆ ಏನೋ ಮಿಸುಕಿದಂತಾಗುತ್ತದೆ. ನಾಡಿಯೋ, ನರವೋ? ಮತ್ತೆ ಸುಳ್ಳಾದರೆ ನಗೆಪಾಟಲು. ನಗುವವರು ನಗಲಿ!

"ಅದುರ್ತು, ಅಮ್ಮಾ!"

ಡ್ರಿಲ್ ನಿಲ್ಲುತ್ತದೆ. ಡಾಕ್ಟ್ರಮ್ಮ ನೀರು ಹಾಯಿಸಿ, ಮೈಕ್ರೋಸ್ಕೋಪಿನಲ್ಲಿ ಇಣುಕುತ್ತಾರೆ. "ಇಲ್ಲೇ ಇದೆ ಕಣಯ್ಯಾ ನರ. ಮೇಲಿನ ಮೂಳೇನೆಲ್ಲ ಗಡ್ಡೆ ತಿಂದುಬಿಟ್ಟಿದೆ." ಡ್ರಿಲ್ ಪಕ್ಕಕ್ಕಿಟ್ಟು, ಸೂಜಿಯಂಥ ಸಲಕರಣೆಯಿಂದ ನಿಧಾನವಾಗಿ ಗಡ್ಡೆ ಬಿಡಿಸುತ್ತಾರೆ.

ಸಂಜೆ ವಾರ್ಡಿನಲ್ಲಿ ಡಾಕ್ಟ್ರಮ್ಮ, "ಎಲ್ಲಿ, ಹಲ್ಲು ಕಿರಿಯಮ್ಮಾ" ಅನ್ನುತ್ತಾರೆ.

"ಇವರ ಮೋರೆ ನೋಡಿದ್ರೆ ಸಾಕು, ನಗು ತಾನಾಗೇ ಬರುತ್ತೆ" ಎಂದು ಗಂಡನತ್ತ ನೋಡುತ್ತಾಳೆ ಹೆಣ್ಣುಮಗಳು. ತುಟಿಯ ಎರಡೂ ಕೊನೆ ಒಟ್ಟಿಗೇ ಮೇಲೇಳುತ್ತವೆ.

ಬಾಗಿಲಲ್ಲಿ ಬಕೆಟ್ ಹಿಡಿದು ನಿಂತ ಕೆನ್ನೆಯಣ್ಣ ಅದನ್ನು ಕಣ್ತುಂಬ ನೋಡುತ್ತಾರೆ. "ನರ ಕಾಯೋ ಆ ಮಷೀನು ಇಲ್ಲಿಗೂ ಬೇಗ ಬರ್ಲಿ. ಅದಕ್ಕೆ ಅನುಮಾನ ಅನ್ನೋದೇ ಇಲ್ಲ ನೋಡಿ." ಇಷ್ಟೇ ಅವರ ಆಸೆ.

ಡಾಕ್ಟ್ರಮ್ಮನಿಂದ ನಡೆದದ್ದೆಲ್ಲ ಕೇಳಿ ತಿಳಿದ ಗಂಡ ಅವರತ್ತ ಓಡಿಬರುತ್ತಾನೆ. "ಅಣ್ಣಾ, ಬೆಳಿಗ್ಗೆ ಬಾಯಿಗೆ ಬಂದಂಗೆ ಅಂದ್ಬಿಟ್ಟೆ. ನೀವೂ ಏನಾದ್ರೂ ಅನ್ರಣ್ಣಾ, ಬೈದ್ಬಿಡಿ!"

ಕೆನ್ನೆಯಣ್ಣ ಅವನ ಕಾಲ ಬಳಿಯ ಒದ್ದೆಯನ್ನು ಒರೆಸಿ, ಬಕೆಟ್ಟನ್ನು ಎಡಗೈಯಲ್ಲಿ ಎತ್ತಿಕೊಂಡು, ಪಕ್ಕದ ವಾರ್ಡಿನತ್ತ ನಡೆಯುತ್ತಾರೆ.