ಅಣ್ಣನ ಗಂಟಲಿನ ಅಚ್ಚು

ಇಂಥ ಕತೆ ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮುಖಕ್ಕೆ ಹೊಡೆದಂತೆ ಗೇಲಿ ಮಾಡುತ್ತಿದ್ದೆ. ಈಗ ನೀವು ನನ್ನನ್ನು ಗೇಲಿ ಮಾಡಿದರೆ ತಕರಾರಿಲ್ಲ.

ಮಾತಾಡುವಾಗ ಸ್ವರತಂತುಗಳ ನಡುವೆ ಗಾಳಿ ಹೇಗೆ ಹರಿಯುತ್ತದೆ ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ನವಿ ಮುಂಬಯಿಯ ಕಾಲೇಜೊಂದರಲ್ಲಿ ಲ್ಯಾಬು. ಸಿಲಿಕೋನಿನಲ್ಲಿ ತಂತುಗಳ ಅಚ್ಚು ಮಾಡಿ, ಕೊಳವೆಗೆ ಕೂರಿಸಿ, ಪಂಪಿನಿಂದ ಗಾಳಿ ಬಿಟ್ಟರೆ ಗುಂಯ್ ಎನ್ನುತ್ತವೆ. ಅಷ್ಟೇ. ನಾಲಿಗೆ, ತುಟಿ ಇಲ್ಲದೆ ಮಾತು ಹುಟ್ಟುವುದಿಲ್ಲ.

ಅಣ್ಣನದು ಡೊಂಬಿವಲಿಯಲ್ಲಿ ಹೋಟೆಲು. ದುಡ್ಡಿನ ಗಲ್ಲೆಯಲ್ಲಿ ಕೂತು ಅಡುಗೆಮನೆಗೆ ಆರ್ಡರ್ ಕೂಗುವುದೇ ಅವನ ಠೀವಿ. ಕ್ಯಾನ್ಸರ್ ಆಗಿ ಅವನ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಆಪರೇಷನ್ನಿಗೆ ಮೊದಲಿನ ಸ್ಕ್ಯಾನ್ ನನ್ನ ಬಳಿ ಉಳಿದಿತ್ತು. ಅವನನ್ನು ಕೇಳದೆ ಅದೇ ಅಳತೆಗೆ ಅಚ್ಚು ಮಾಡಿದೆ. ಗೊತ್ತಾದ ದಿನ ಅತ್ತಿಗೆ ನನ್ನನ್ನು ಬಾಗಿಲಲ್ಲೇ ತಡೆದರು.

"ನಿಮಗೆ ನಾಚಿಕೆ ಆಗುವುದಿಲ್ವಾ ಮಾರಾಯ್ರೆ? ಅವರ ಗಂಟಲು ನಿಮಗೆ ಆಟದ ಸಾಮಾನಾ?"

ಅಣ್ಣ ಚೀಟಿಯಲ್ಲಿ ಬರೆದು ನನ್ನತ್ತ ಎಸೆದ: 'ಅದನ್ನು ಸುಟ್ಟು ಹಾಕು.' ಆಯ್ತು ಅಂದೆ. ಸುಡಲಿಲ್ಲ. ಅಷ್ಟು ಒಳ್ಳೆಯ ಅಚ್ಚು ಮತ್ತೆ ಸಿಗುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಲ್ಯಾಬಿನಲ್ಲಿ ಒಬ್ಬನೇ ಇದ್ದೆ. ಪಂಪಿನ ಪ್ಲಗ್ ಕಿತ್ತಿಟ್ಟಿದ್ದೆ. ಅಚ್ಚು ಗುಂಯ್ ಎಂದಿತು. ಎರಡು ಗಿಡ್ಡ ಸ್ವರ, ಆಮೇಲೆ ಮೇಲಕ್ಕೆಳೆದ ಒಂದು ಉದ್ದ ಸ್ವರ. ಮತ್ತೆ ಅದೇ. ಅಣ್ಣ ಆರ್ಡರ್ ಕೂಗುವ ಧಾಟಿ! ಮಾಪಕದಲ್ಲಿ ಗಾಳಿಯ ಒತ್ತಡ ಸೊನ್ನೆ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ.

ಥಾಣೆಯಲ್ಲಿ ರೈಲು ಬದಲಿಸಿ ನೇರ ಹೋಟೆಲಿಗೆ ಹೋದೆ. ಅಣ್ಣ ಆರ್ಡರುಗಳನ್ನು ಚೀಟಿಯಲ್ಲಿ ಬರೆದು ಒಳಗೆ ಕಳಿಸುತ್ತಿದ್ದ. ನನ್ನ ಮುಖ ನೋಡಲಿಲ್ಲ. ನಾನು ಮೊಬೈಲನ್ನು ಅವನ ಮುಂದಿಟ್ಟು ರೆಕಾರ್ಡ್ ಹಾಕಿದೆ. ಅವನ ಪೆನ್ನು ನಿಂತಿತು. ಆ ಗುಂಯ್‌ಗೆ ಸರಿಯಾಗಿ ತುಟಿಗಳು ಅಲುಗಿದವು.

ಅಡುಗೆಮನೆಯಿಂದ ಹಳೆಯ ಭಟ್ಟರ ಕೂಗು ಕೇಳಿತು: "ಹಾಂ ಧಣಿ, ಎರಡು ಪೂರಿ, ಒಂದು ನೀರುದೋಸೆ, ಈಗ ಬಂತು!"

ತಟ್ಟೆಗಳೂ ಬಂದವು. ಭಟ್ಟರು ಅಣ್ಣನನ್ನು ನೋಡಿ ಅಲ್ಲೇ ನಿಂತುಬಿಟ್ಟರು. ಅಣ್ಣ ನನ್ನ ಕಡೆ ಚೀಟಿ ತಳ್ಳಿದ: 'ಸುಡಬೇಡ. ತಂದು ಕೊಡು. ಆಮೇಲೆ ಈ ಕಡೆ ಕಾಲಿಡಬೇಡ.'

ತಂದು ಕೊಟ್ಟೆ. ಅಚ್ಚು ಮಾತ್ರ. ಪಂಪು, ಕೊಳವೆ ಯಾವುದನ್ನೂ ಅವನು ಕೇಳಲಿಲ್ಲ. ಅದನ್ನು ಗಲ್ಲೆಯ ಡ್ರಾವರಿನಲ್ಲಿ ಇಟ್ಟಿದ್ದಾನಂತೆ. ಅಣ್ಣ ಈಗ ಆರ್ಡರಿಗೆ ಚೀಟಿ ಬರೆಯುವುದಿಲ್ಲ, ಆದರೂ ಆರ್ಡರ್ ಅಡುಗೆಮನೆಗೆ ಕೇಳುತ್ತದೆ ಎಂದು ಭಟ್ಟರು ಫೋನಿನಲ್ಲಿ ಹೇಳುತ್ತಾರೆ. ಹೇಗೆ ಎಂದು ಹೋಗಿ ನೋಡೋಣವೆಂದರೆ, ನನಗೆ ಆ ಬಾಗಿಲು ಇವತ್ತಿಗೂ ತೆರೆದಿಲ್ಲ.